ನೋವು ಎಚ್ಚರಿಸದ ಚರ್ಮಕ್ಕೆ ಕಾವಲು

ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕೂರುವುದು ನಮ್ಮಿಂದಾಗದು. ಮೂಳೆಗೂ ಆಸನಕ್ಕೂ ನಡುವೆ ಸಿಕ್ಕಿಕೊಂಡ ಚರ್ಮಕ್ಕೆ ರಕ್ತ ಸಾಲದಾದಾಗ ನರಗಳು ಮಿದುಳಿಗೆ ದೂರು ಒಯ್ಯುತ್ತವೆ. ನಮಗೆ ತಿಳಿಯುವ ಮೊದಲೇ ಮಗ್ಗುಲು ಬದಲಾಗಿರುತ್ತದೆ, ನಿದ್ದೆಯಲ್ಲೂ ಕೂಡ.

ಸ್ಪೈನಾ ಬೈಫಿಡಾದೊಂದಿಗೆ ಹುಟ್ಟಿದ ಅನೇಕ ಮಕ್ಕಳಲ್ಲಿ ಈ ದೂರು ಮಿದುಳನ್ನು ಮುಟ್ಟುವುದೇ ಇಲ್ಲ. ಈ ದೋಷದಲ್ಲಿ, ಗರ್ಭದ ಮೊದಲ ವಾರಗಳಲ್ಲಿ ಬೆನ್ನುಹುರಿಯಾಗಬೇಕಾದ ಕೊಳವೆ ಪೂರ್ತಿ ಮುಚ್ಚಿಕೊಳ್ಳದೆ ನರಗಳು ಹಾಳಾಗುತ್ತವೆ. ಕಾಲಿನ ಬಲದ ಜೊತೆಗೆ ಸ್ಪರ್ಶ, ಬಿಸಿ, ನೋವುಗಳ ಅರಿವೂ ಕುಂದುತ್ತದೆ. ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾದ ಮಕ್ಕಳಲ್ಲೂ ಹೀಗಾಗಬಹುದು.

ನೋವಿಲ್ಲದಿರುವುದು ಎಷ್ಟು ಅಪಾಯಕಾರಿ ಎಂಬುದನ್ನು ಕಳೆದ ಶತಮಾನದ ಮಧ್ಯದಲ್ಲಿ ವೆಲ್ಲೂರಿನಲ್ಲಿ ಕುಷ್ಠರೋಗಿಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಡಾ. ಪಾಲ್ ಬ್ರಾಂಡ್ ಮನಗಾಣಿಸಿದರು. ಆ ರೋಗಿಗಳ ಕೈಕಾಲುಗಳ ಹುಣ್ಣುಗಳಲ್ಲಿ ಹೆಚ್ಚಿನವು ಅರಿವಿಗೆ ಬಾರದ ಸುಟ್ಟಗಾಯ, ಒತ್ತಡ, ಉಜ್ಜುವಿಕೆಗಳ ಫಲ. ಅಂದರೆ ಅವುಗಳನ್ನು ತಡೆಯಬಹುದು.

ಅರಿವು ಕುಂದಿದ ಮಕ್ಕಳ ಮನೆಯಲ್ಲೂ ನೋವಿನ ಕೆಲಸವನ್ನು ಕಣ್ಣು, ಕೈ, ಗಡಿಯಾರ ಮಾಡಬೇಕು. ಗಾಲಿಕುರ್ಚಿಯಲ್ಲಿರುವ ಮಗು 15ರಿಂದ 30 ನಿಮಿಷಕ್ಕೊಮ್ಮೆ ಮುಂದೆ ಬಾಗಿ, ಪಕ್ಕಕ್ಕೆ ವಾಲಿ ಭಾರ ಬದಲಿಸಲಿ. ಬೆಳಿಗ್ಗೆ, ರಾತ್ರಿ ಬೆನ್ನಿನ ಕೆಳಭಾಗ, ಕುಂಡಿ, ಹಿಮ್ಮಡಿ, ಕಾಲ್ಬೆರಳ ಸಂದುಗಳನ್ನು ನೋಡಬೇಕು. ನಮ್ಮ ಕಂದು ಮೈಬಣ್ಣದಲ್ಲಿ ಕೆಂಪು ಎದ್ದು ಕಾಣದು. ಸುತ್ತಲಿಗಿಂತ ಕಪ್ಪಾಗಿ, ಬಿಸಿಯಾಗಿ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಿ. ಭಾರ ತೆಗೆದು ಅರ್ಧ ಗಂಟೆಯಾದರೂ ಕಲೆ ಮಾಸದಿದ್ದರೆ ಅಲ್ಲಿ ಮತ್ತೆ ಭಾರ ಬೀಳಗೊಡದೆ ವೈದ್ಯರಿಗೆ ತೋರಿಸಿ. ಎಣ್ಣೆ ಹಚ್ಚಿ ತಿಕ್ಕಬೇಡಿ, ಒಳಗಿನ ಗಾಯ ಹೆಚ್ಚುತ್ತದೆ. ನಡುವೆ ತೂತಿರುವ ದಿಂಬೂ ಬೇಡ. ಅದರ ಅಂಚು ಸುತ್ತಲಿನ ರಕ್ತಸಂಚಾರವನ್ನು ತಡೆಯುತ್ತದೆ.

ಸ್ನಾನದ ಬಕೆಟ್ಟಿಗೆ ಮೊದಲು ತಣ್ಣೀರು ಹಾಕಿ, ಆಮೇಲೆ ಬಿಸಿನೀರು ಬೆರೆಸಿ, ದೊಡ್ಡವರು ಮೊಣಕೈ ಅದ್ದಿ ನೋಡಬೇಕು. ಬೈಕಿನ ಸೈಲೆನ್ಸರ್, ಮಧ್ಯಾಹ್ನದ ಕಾದ ನೆಲ ಕ್ಷಣದಲ್ಲಿ ಬೊಬ್ಬೆ ಎಬ್ಬಿಸುತ್ತವೆ. ತೆವಳುವ ಮಗುವಿಗೆ ಉದ್ದ ಪ್ಯಾಂಟು, ಕಾಲುಚೀಲ ಇರಲಿ. ಶೂ ಹಾಕುವ ಮುನ್ನ ಕೊಡವಿ, ಒಳಗೆ ಬೆರಳಾಡಿಸಿ. ಕಾಲಿಗೆ ಆಧಾರ ಕೊಡುವ ಹೊಸ ಕ್ಯಾಲಿಪರ್ ಅನ್ನು ಮೊದಮೊದಲು ಸ್ವಲ್ಪ ಹೊತ್ತು ಮಾತ್ರ ಹಾಕಿ, ಬಿಚ್ಚಿ, ಚರ್ಮ ಪರೀಕ್ಷಿಸಿ. ಮಗು ಬೆಳೆದಂತೆ ಅದು ಬಿಗಿಯಾಗುತ್ತದೆ ಎಂಬುದೂ ನೆನಪಿರಲಿ. ಮೂತ್ರದಲ್ಲಿ ನೆನೆದ ಚರ್ಮ ಬೇಗ ಒಡೆಯುವುದರಿಂದ ಒದ್ದೆ ಬಟ್ಟೆಯನ್ನು ಕೂಡಲೇ ಬದಲಿಸಿ.

ಈ ಕಾವಲನ್ನು ನಿಧಾನವಾಗಿ ಮಗುವಿಗೇ ಒಪ್ಪಿಸಬೇಕು. ಕೈಗನ್ನಡಿ ಕೊಟ್ಟು ತನ್ನ ಮೈಯನ್ನು ತಾನೇ ನೋಡಿಕೊಳ್ಳುವುದನ್ನು ಕಲಿಸಿ. ಆದರೆ ಗಾಯ ಕಂಡಾಗ ಬೈಯಬೇಡಿ. ಬೈಗುಳಕ್ಕೆ ಅಂಜಿದ ಮಗು ಮುಂದಿನ ಗಾಯವನ್ನು ಮುಚ್ಚಿಡುತ್ತದೆ; ಬೇಗ ಕಂಡಿದ್ದರೆ ಕೆಲವು ದಿನಗಳ ಆರೈಕೆಯಲ್ಲಿ ಮಾಯಬಹುದಾಗಿದ್ದುದು ತಿಂಗಳುಗಟ್ಟಲೆ ಶಾಲೆ ತಪ್ಪಿಸುತ್ತದೆ.