ವಿಶೇಷ ಜೆನೆರಿಕ್ ಔಷಧಿ: ಬೆಲೆ ಇಳಿದರೂ ಅಂಗಡಿಯ ಖರ್ಚು ಇಳಿಯದು

ಚಳ್ಳಕೆರೆಯ ಎಣ್ಣೆ ಗಿರಣಿಗಳು ಅಲ್ಪ ಲಾಭಾಂಶವನ್ನು ಅಧಿಕ ವಹಿವಾಟಿನಿಂದ ತುಂಬಿಕೊಳ್ಳುತ್ತವೆ; ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಹೆಸರಿನ ಬಲವಿದೆ. ಕ್ಯಾನ್ಸರ್, ಮೂತ್ರಪಿಂಡದ ರೋಗಗಳ ಜೆನೆರಿಕ್ ಔಷಧಿ ಮಾರುವ ವರ್ತಕರಿಗೆ ಈ ಎರಡೂ ಅನುಕೂಲಗಳಿಲ್ಲ. ತಾಲ್ಲೂಕಿನಲ್ಲಿ ಅಂತಹ ರೋಗಿಗಳು ಕೆಲವರೇ.

2012ರಲ್ಲಿ ನ್ಯಾಟ್ಕೋ ಸಂಸ್ಥೆಗೆ ಕಡ್ಡಾಯ ಪರವಾನಗಿ ದೊರೆತಾಗ ಸೊರಾಫೆನಿಬ್ ಎಂಬ ಕ್ಯಾನ್ಸರ್ ಔಷಧಿಯ ತಿಂಗಳ ವೆಚ್ಚ ಸುಮಾರು 2.80 ಲಕ್ಷದಿಂದ 8,800 ರೂಪಾಯಿಗೆ ಇಳಿಯಿತು. ರೋಗಿಗೆ ಇದು ವರವೇ ಸರಿ. ವರ್ತಕರ ಲೆಕ್ಕ ಬೇರೆ. 2013ರ ಔಷಧಿ ಬೆಲೆ ನಿಯಂತ್ರಣ ಆದೇಶದನ್ವಯ ನಿಯಂತ್ರಿತ ಔಷಧಿಗಳ ಗರಿಷ್ಠ ಬೆಲೆಯಲ್ಲಿ ಚಿಲ್ಲರೆ ವ್ಯಾಪಾರಿಗೆ ಸೇರಿಸುವ ಲಾಭಾಂಶ ಶೇ. 16. ಕೊಳ್ಳುವ ದರ 1,000 ರೂಪಾಯಿ ಇದ್ದಾಗ 160 ಉಳಿದರೆ, 400ಕ್ಕೆ ಇಳಿದಾಗ ಉಳಿಯುವುದು 64. ಆದರೆ 2ರಿಂದ 8 ಡಿಗ್ರಿಯಲ್ಲಿಡಬೇಕಾದ ಚುಚ್ಚುಮದ್ದಿಗೆ ಫ್ರಿಜ್ಜಿನ ವಿದ್ಯುತ್ ಖರ್ಚು ಹಿಂದಿನಷ್ಟೇ. ಬೇಸಿಗೆಯಲ್ಲಿ ಕರೆಂಟು ಹೋದರೆ ಜನರೇಟರಿನ ಡೀಸೆಲ್ ಬೇರೆ! 2019ರಲ್ಲಿ 42 ಕ್ಯಾನ್ಸರ್ ಔಷಧಿಗಳ ಒಟ್ಟು ವ್ಯಾಪಾರ ಲಾಭಾಂಶಕ್ಕೂ ಶೇ. 30ರ ಮಿತಿ ಬಿದ್ದಿತು.

ಬೇಡಿಕೆ ಬೆಳೆಯುತ್ತಿದೆಯೆಂದು ದಾಸ್ತಾನು ತುಂಬುವುದು ಅಪಾಯಕರ. ಗರಿಷ್ಠ ಬೆಲೆ ಇಳಿಸಿದ ಆದೇಶ ಹಳೆಯ ದಾಸ್ತಾನಿಗೂ ಅನ್ವಯಿಸುತ್ತದೆ. ಖಾಯಂ ರೋಗಿಗಳ ಚೀಟಿಯನ್ನು ಮುಂಚಿತವಾಗಿ ಪಡೆದು, ಎರಡೂ ತಾಲ್ಲೂಕುಗಳ ಅಂಗಡಿಯವರು ಒಬ್ಬರೇ ಸಗಟುದಾರರಿಗೆ ಒಟ್ಟಾಗಿ ಬೇಡಿಕೆ ಸಲ್ಲಿಸುವುದು ಲೇಸೆಂದು ನಮ್ಮ ಅಭಿಪ್ರಾಯ. ಬೆಲೆ ಇಳಿದಲ್ಲಿ ವ್ಯತ್ಯಾಸದ ಹಣಕ್ಕೆ ಕ್ರೆಡಿಟ್ ನೋಟು ಕೊಡುವರೇ ಎಂಬುದನ್ನು ಖರೀದಿಗೆ ಮುನ್ನವೇ ಅವರಿಂದ ಬರಹದಲ್ಲಿ ಪಡೆಯತಕ್ಕದ್ದು.