ಗುಪ್ತಪದದ ರಕ್ಷಣೆ

ಒಂದು ಸಂಸ್ಥೆಯ ಬಳಕೆದಾರರೆಲ್ಲರ ಹೆಸರು ಮತ್ತು ಗುಪ್ತಪದಗಳು ಡೈರೆಕ್ಟರಿ ಸರ್ವರಿನಲ್ಲಿರುತ್ತವೆ. ಗುಪ್ತಪದಗಳನ್ನು ಇದ್ದಂತೆಯೇ ಬರೆದಿಟ್ಟರೆ, ಆ ಪಟ್ಟಿಯನ್ನು ಕದ್ದವನಿಗೆ ಎಲ್ಲರ ಬೀಗದ ಕೈಗಳೂ ದೊರೆತಂತೆಯೇ ಸರಿ. ಆದುದರಿಂದ ಅವುಗಳನ್ನು ‘ಹ್ಯಾಶ್’ ಎಂಬ ಗಣಿತಕ್ರಿಯೆಗೆ ಒಳಪಡಿಸಿ ಇಡುವರು. ಹಿಟ್ಟನ್ನು ಮತ್ತೆ ಕಾಳಾಗಿಸಲು ಬಾರದಂತೆ, ಹ್ಯಾಶನ್ನು ಮೂಲಪದವಾಗಿಸಲು ಬಾರದು. ಬಳಕೆದಾರನು ನೀಡಿದ ಪದವನ್ನೂ ಸರ್ವರು ಹಾಗೆಯೇ ಮಾರ್ಪಡಿಸಿ ಹೋಲಿಸುತ್ತದೆ.

ಓಪನ್‌ಎಲ್‌ಡಿಎಪಿ ಸರ್ವರಿನ ನಿರ್ವಾಹಕನು ಕಮಾಂಡ್ ಸಾಲಿನಲ್ಲಿ ‘ಸ್ಲ್ಯಾಪ್‌ಪಾಸ್‌ಡಬ್ಲ್ಯೂಡಿ’ ಎಂಬ ಆಜ್ಞೆಯಿತ್ತು, ಗುಪ್ತಪದವನ್ನು ಎರಡು ಬಾರಿ ಒತ್ತಿದರೆ ಹ್ಯಾಶ್ ಸಿದ್ಧವಾಗುತ್ತದೆ. ಅದಕ್ಕೆ ಮುನ್ನ ಪದದೊಡನೆ ‘ಉಪ್ಪು’ ಎಂಬ ಯಾದೃಚ್ಛಿಕ ಅಂಶವೊಂದು ಬೆರೆಯುವುದರಿಂದ, ಇಬ್ಬರ ಗುಪ್ತಪದ ಒಂದೇ ಆದರೂ ಹ್ಯಾಶ್‌ಗಳು ಬೇರೆಯಾಗುತ್ತವೆ. ಈ ಉಪಾಯವನ್ನು ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ವಿವರಿಸಿದರು. ಆದರೂ ಸುಲಭವಾಗಿ ಊಹಿಸಬಹುದಾದ ಪದವನ್ನು ಯಾವ ಉಪ್ಪೂ ಕಾಪಾಡಲಾರದು.