ಅಸೃಜ್: ರಕ್ತದ ಒಂದು ಹಳೆಯ ಹೆಸರು ಮತ್ತು ಒಂದು ಹೊಸ ಸಂಶೋಧನೆ

ಮುಂಬೈಯ ವಡಾಲದಲ್ಲಿ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ವಿದ್ಯಾಸಂಸ್ಥೆಯಿದೆ. ಅಲ್ಲಿಂದ ಕೆಲವೇ ಕಿಲೋಮೀಟರು ದೂರದ ಪರೇಲಿನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯಿದೆ. ಭಾರತದಲ್ಲಿ ಅಸ್ಥಿಮಜ್ಜೆಯ ಕಸಿ ಮೊದಲು ನಡೆದದ್ದು ಈ ಆಸ್ಪತ್ರೆಯಲ್ಲಿ, 1983ರಲ್ಲಿ. ರಕ್ತದ ಅರ್ಬುದಕ್ಕೆ ಚಿಕಿತ್ಸೆಯನ್ನರಸಿ ಬಂದ ಕನ್ನಡ ಕುಟುಂಬವೊಂದಕ್ಕೆ ಈ ಕಸಿಯನ್ನು ಅದರ ಭಾಷೆಯಲ್ಲಿಯೇ ತಿಳಿಯಹೇಳಬೇಕಾದಾಗ ಯಾವ ಪದವನ್ನು ಬಳಸಬೇಕು? ಮಜ್ಜೆಯೆಂದೊಡನೆ ಬೆನ್ನುಹುರಿಯನ್ನು ನೆನೆದು ದಾನಕ್ಕೆ ಹಿಂಜರಿಯುವವರಿದ್ದಾರೆ. ವಾಸ್ತವದಲ್ಲಿ ಮಜ್ಜೆಯನ್ನು ತೆಗೆಯುವುದು ಸೊಂಟದ ಮೂಳೆಯಿಂದ. ಈಚೆಗಂತೂ ಬೇಕಾದ ಕೋಶಗಳನ್ನು ಬಹುಮಟ್ಟಿಗೆ ತೋಳಿನ ರಕ್ತದಿಂದಲೇ ಬೇರ್ಪಡಿಸಿಕೊಳ್ಳುತ್ತಾರೆ. ಆ ಕೋಶಗಳಿಗೆ ನಮ್ಮ ಪತ್ರಿಕೆಗಳು ಕೆಲವೊಮ್ಮೆ 'ಕಾಂಡಕೋಶ'ವೆಂದೂ ಕೆಲವೊಮ್ಮೆ 'ಆಕರಕೋಶ'ವೆಂದೂ ಬರೆಯುತ್ತವೆ. ಮೊದಲನೆಯದು ಇಂಗ್ಲಿಷಿನ ಪದವನ್ನು ಗಿಡದ ಕಾಂಡವೆಂದೇ ತಿಳಿದು ಮಾಡಿಕೊಂಡ ಅನುವಾದ. ಜರ್ಮನಿಯ ಹೆಕೆಲ್ 1868ರಲ್ಲಿ ಮೂಲಪದವನ್ನು ಬಳಸಿದಾಗ ಅವನ ಮನಸ್ಸಿನಲ್ಲಿದ್ದದ್ದು ವಂಶವೃಕ್ಷದ ಬೊಡ್ಡೆ, ಎಂದರೆ ಕುಲಮೂಲ. ಆದ್ದರಿಂದ ನಾವು ಇಲ್ಲಿ 'ಆಕರಕೋಶ'ವನ್ನೇ ಬಳಸಿದ್ದೇವೆ. ಗಣಿಗೂ ನಿಧಿಗೂ ಸಲ್ಲುವ 'ಆಕರ' ಶಬ್ದದಲ್ಲಿ ತೆಗೆದಷ್ಟೂ ದೊರೆಯುವುದೆಂಬ ಧ್ವನಿಯಿದೆ. ಹಾಗೆ ಬರಿದಾಗದೆ ಉಳಿಯಲು ಈ ಕೋಶ ಏನು ಮಾಡುತ್ತದೆ ಎಂಬುದೇ ಪ್ರಸ್ತುತ ಲೇಖನದ ವಿಷಯ.

ಪ್ರಾಚೀನ ವೈದ್ಯಶಾಸ್ತ್ರದಲ್ಲಿ ರಕ್ತದ ಸ್ಥಾನ ಬೇರೆ. ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂಬ ಸಪ್ತಧಾತುಗಳ ಕ್ರಮದಲ್ಲಿ ಒಂದರಿಂದ ಮತ್ತೊಂದು ಹುಟ್ಟುತ್ತದೆ. ಅಲ್ಲಿ ರಕ್ತ ಎರಡನೆಯದು, ಮಜ್ಜೆ ಆರನೆಯದು. ಹನ್ನೆರಡನೆಯ ಶತಮಾನದಲ್ಲಿ ಪೂಜ್ಯಪಾದನ ಗ್ರಂಥವನ್ನು ಆಧರಿಸಿ 'ಕರ್ಣಾಟಕ ಕಲ್ಯಾಣಕಾರಕ'ವನ್ನು ರಚಿಸಿದ ಜಗದ್ದಳ ಸೋಮನಾಥನು ನಿಂತಿರುವುದು ಈ ವೈದ್ಯಪರಂಪರೆಯಲ್ಲಿಯೇ. ಆಧುನಿಕ ವಿಜ್ಞಾನ ಈ ಕ್ರಮವನ್ನು ತಿರುಗಿಸಿತು. ಹೆಕೆಲ್ ತನ್ನ ಪದವನ್ನು ಬಳಸಿದ 1868ರಲ್ಲಿಯೇ ನಾಯ್ಮನ್ ಎಂಬ ಜರ್ಮನ್ ವೈದ್ಯನು ರಕ್ತಕಣಗಳು ಮಜ್ಜೆಯಲ್ಲಿ ಹುಟ್ಟುತ್ತವೆ ಎಂದು ತೋರಿಸಿದನು. ಸುಶ್ರುತನು ರಕ್ತದ ಸ್ಥಾನವೆಂದು ಯಕೃತ್ತು ಮತ್ತು ಗುಲ್ಮಗಳನ್ನು ಹೇಳಿರುವುದುಂಟು. ಗರ್ಭಸ್ಥ ಶಿಶುವಿನಲ್ಲಿ ರಕ್ತ ಯಕೃತ್ತಿನಲ್ಲಿಯೂ ಉತ್ಪನ್ನವಾಗುವುದು ನಿಜ. ಇದನ್ನು ಹಿಡಿದು ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತೆಂದು ಹೇಳುವ ವಾಡಿಕೆಗೆ ನಮ್ಮ ಸಮ್ಮತಿಯಿಲ್ಲ. ಸಾಮ್ಯ ಬೇರೆ, ಪ್ರಮಾಣ ಬೇರೆ. ಮಜ್ಜೆಯ ಒಂದೇ ಕೋಶದಿಂದ ರಕ್ತದ ಹಲವು ಬಗೆಯ ಕೋಶಗಳು ಹುಟ್ಟಬಲ್ಲವೆಂಬುದಕ್ಕೆ ಪ್ರಯೋಗಾಧಾರ ದೊರೆಯಲಾರಂಭಿಸಿದ್ದು 1961ರಿಂದೀಚೆಗೆ, ಟೊರಾಂಟೊ ನಗರದ ಟಿಲ್ ಮತ್ತು ಮೆಕಲಕ್ ಅವರ ಇಲಿಗಳ ಗುಲ್ಮದ ಮೇಲಿನ ಪ್ರಯೋಗಗಳಿಂದ.

ಈ ಹಿನ್ನೆಲೆಯಲ್ಲಿ ಪ್ರೊ. ಮನೀಷಾ ಇನಾಮದಾರ್ ಅವರ ಸಂಶೋಧನೆಯನ್ನು ನೋಡಬೇಕು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದ ಅವರು ಮುಂದೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಮ್ಮ ಪ್ರಯೋಗಾಲಯವನ್ನು ಕಟ್ಟಿದರು. 2003ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಒಂದು ಹೊಸ ವಂಶವಾಹಿಯನ್ನು ವರ್ಣಿಸಿದರು. ಇಲಿಯ ಭ್ರೂಣದ ಆಕರಕೋಶಗಳಲ್ಲಿಯೂ ರಕ್ತ ಮತ್ತು ರಕ್ತನಾಳಗಳು ರೂಪುಗೊಳ್ಳುವ ಎಡೆಗಳಲ್ಲಿಯೂ ಕಾಣಿಸಿಕೊಳ್ಳುವ ಅದಕ್ಕೆ ಅವರಿಟ್ಟ ಹೆಸರು 'ಅಸೃಜ್'. ಅಮರಕೋಶದಲ್ಲಿ ರಕ್ತದ ಪರ್ಯಾಯನಾಮಗಳ ಸಾಲಿನಲ್ಲಿ ಬರುವ ಶಬ್ದವಿದು. ಪ್ರಥಮಾ ವಿಭಕ್ತಿಯಲ್ಲಿ 'ಅಸೃಕ್', ಪ್ರಾತಿಪದಿಕವು 'ಅಸೃಜ್'. ವಿಜ್ಞಾನಿಗಳು ವಿಭಕ್ತಿಯನ್ನು ಬಿಟ್ಟು ಪ್ರಾತಿಪದಿಕವನ್ನೇ ಆಯ್ದುಕೊಂಡದ್ದು ವೈಯಾಕರಣರಿಗೆ ಸಂತೋಷ ತರುವ ಸಂಗತಿ. ನಮ್ಮ ಕಾವ್ಯಗಳ ರಣವರ್ಣನೆಗಳಲ್ಲಿ 'ನೆತ್ತರ್', 'ರುಧಿರ'ಗಳು ಹೇರಳವಾಗಿವೆ. 'ಅಸೃಕ್' ಅಷ್ಟಾಗಿ ಬಳಕೆಯಲ್ಲಿ ಉಳಿಯಲಿಲ್ಲ.

ಈ ವಂಶವಾಹಿಯ ಕಾರ್ಯವನ್ನು ಅರಿಯಲು ಅವರು ಹಣ್ಣಿನ ನೊಣವನ್ನು ಆರಿಸಿಕೊಂಡರು. ನೊಣಕ್ಕೆಲ್ಲಿಯ ರಕ್ತ ಎಂದು ವಾಚಕರು ಕೇಳಬಹುದು. ಅದರಲ್ಲಿ ಕೆಂಪು ಕಣಗಳಿಲ್ಲ. ಸೂಕ್ಷ್ಮಜೀವಿಗಳನ್ನು ನುಂಗುವ, ಗಾಯವನ್ನು ಮುಚ್ಚುವ, ಒಳಹೊಕ್ಕ ಪರೋಪಜೀವಿಯನ್ನು ಸುತ್ತುವರಿಯುವ ಕೋಶಗಳು ಮಾತ್ರ ಇವೆ. ಎಂದರೆ ನೊಣದ ರಕ್ತವೆಂಬುದು ಬಹುತೇಕ ಅದರ ಕಾವಲು ಪಡೆಯೇ. ಮರಿಹುಳುವಿನ ದೇಹದಲ್ಲಿರುವ ಒಂದು ಪುಟ್ಟ ಗ್ರಂಥಿಯಲ್ಲಿ ಈ ಕೋಶಗಳ ಪೂರ್ವಜರು ಕಾದಿರುತ್ತವೆ. ಅಸೃಜ್ ಇಲ್ಲದ ನೊಣಗಳಲ್ಲಿ ಈ ಕಾಯುವಿಕೆ ಕೆಡುತ್ತದೆಂದು 2011ರ ಲೇಖನ ತೋರಿಸಿತು: ಪೂರ್ವಜ ಕೋಶಗಳು ಕಾಲಕ್ಕೆ ಮೊದಲೇ ಪಕ್ವವಾಗಿಬಿಡುತ್ತವೆ, ಅವುಗಳನ್ನು ಪೋಷಿಸುವ ನೆಲೆಯೂ ನಶಿಸುತ್ತದೆ. ಅಸೃಜ್ ನೆಲಸಿರುವುದು ಕೋಶದೊಳಗಣ ಸಾಗಣೆಯ ಸಂಚಿಗಳಾದ ಎಂಡೋಸೋಮ್‌ಗಳಲ್ಲಿ. ಹೊರಗಿನಿಂದ ಬಂದ ಸಂಜ್ಞೆಗಳು ಎಷ್ಟು ಕಾಲ, ಎಷ್ಟು ಬಲವಾಗಿ ಉಳಿಯಬೇಕೆಂಬುದು ಇಂತಹ ಸಂಚಿಗಳನ್ನು ಅವಲಂಬಿಸಿರುತ್ತದೆ.

ನೊಣದಲ್ಲಿ ಕಂಡದ್ದು ಸಸ್ತನಿಗೆ ಸಲ್ಲುತ್ತದೆಯೇ? 2019ರಲ್ಲಿ 'ಬ್ಲಡ್' ಪತ್ರಿಕೆಯಲ್ಲಿ ಪ್ರಕಟವಾದ ಅವರ ಲೇಖನ ಇದಕ್ಕೆ ಉತ್ತರ. ನಮ್ಮ ದೃಷ್ಟಿಯಲ್ಲಿ ಈ ಸಂಶೋಧನಾ ಜೀವನದ ತಿರುಳು ಇಲ್ಲಿದೆ. ಅಸೃಜ್ ಇಲ್ಲದ ಇಲಿಗಳನ್ನು ಅವರು ಮೊದಲ ಬಾರಿಗೆ ರೂಪಿಸಿದರು. ಇಲಿಗಳು ಹುಟ್ಟಿದವು, ಬೆಳೆದವು, ಮರಿಹಾಕಿದವು. ಮೇಲುನೋಟಕ್ಕೆ ಯಾವ ಕೊರತೆಯೂ ಇರಲಿಲ್ಲ. ಆರು ತಿಂಗಳು ತುಂಬುವ ವೇಳೆಗೆ ಅವುಗಳ ರಕ್ತಕಣಗಳ ಎಣಿಕೆ ಏರಿತು, ಗುಲ್ಮ ಊದಿಕೊಂಡಿತು, ಮಜ್ಜೆಯ ಆಕರಕೋಶಗಳು ಹೆಚ್ಚಿದವು. ಹೆಚ್ಚಿದರೆ ಒಳಿತೇ ಅಲ್ಲವೇ ಎಂದು ತೋರಬಹುದು. ಆದರೆ ಈ ಇಲಿಗಳನ್ನು ಮಾರಕವಲ್ಲದಷ್ಟು ವಿಕಿರಣಕ್ಕೆ, ಇಲ್ಲವೇ ವಿಭಜನಶೀಲ ಕೋಶಗಳನ್ನು ಕೊಲ್ಲುವ ಔಷಧಕ್ಕೆ ಮತ್ತೆ ಮತ್ತೆ ಒಡ್ಡಿದಾಗ ಆ ಸಮೃದ್ಧಿ ಉಳಿಯಲಿಲ್ಲ. ಕೋಶಗಳು ಬೇಗನೆ ಬರಿದಾದವು; ಇಲಿಗಳು ಹೆಚ್ಚು ಸಂಖ್ಯೆಯಲ್ಲಿ ಸತ್ತವು. ಆರೋಗ್ಯವಂತ ಮಜ್ಜೆಯ ಆಕರಕೋಶವು ಹೆಚ್ಚು ಕಾಲ ವಿಭಜಿಸದೆ ಸುಮ್ಮನಿರುತ್ತದೆ. ಆ ಸುಮ್ಮನಿರುವಿಕೆಯೇ ಅದರ ಸಂಪತ್ತು. ಅಸೃಜ್ ಇಲ್ಲದ ಕೋಶಕ್ಕೆ ಸುಮ್ಮನಿರಲು ಬಾರದು.

ಇದರ ಕಾರಣವನ್ನೂ ಅವರು ಬಿಡಿಸಿ ತೋರಿಸಿದರು. ಕೋಶದ ಅತಿವೃದ್ಧಿಯನ್ನು ತಡೆಯುವ ಪ್ರಸಿದ್ಧ ಪ್ರೋಟೀನು ಪಿ53. ಸಿಎಸ್ಎನ್5 ಎಂಬ ಮತ್ತೊಂದು ಪ್ರೋಟೀನು ಅದನ್ನು ವಿನಾಶದ ಕಡೆಗೆ ಒಯ್ಯುತ್ತದೆ. ಅಸೃಜ್ ಈ ಎರಡನೆಯದನ್ನು ಹಿಡಿದಿಟ್ಟುಕೊಂಡು ಮೊದಲನೆಯದನ್ನು ಕಾಪಾಡುತ್ತದೆ. ಪಿ53ರ ಮಟ್ಟವನ್ನು ಮರಳಿ ಏರಿಸುವ ನಟ್ಲಿನ್-3 ಎಂಬ ರಾಸಾಯನಿಕವನ್ನು ಕೊಟ್ಟಾಗ ಅತಿಯಾಗಿದ್ದ ಕೋಶಗಳು ಕಡಿಮೆಯಾದವು. ರಕ್ತದ ಅರ್ಬುದಗಳಲ್ಲಿ ಪಿ53ರ ವಂಶವಾಹಿಯೇ ಕೆಟ್ಟಿರುವುದು ಸುಮಾರು ನೂರಕ್ಕೆ 11ರಷ್ಟರಲ್ಲಿ ಮಾತ್ರ. ಉಳಿದವುಗಳಲ್ಲಿ ಕೆಡದ ಪಿ53 ಏಕೆ ಕೈಕೊಡುತ್ತದೆ ಎಂಬ ಪ್ರಶ್ನೆಗೆ ಇದು ಒಂದು ಸಂಭಾವ್ಯ ಉತ್ತರ. ಇಲಿಯಲ್ಲಿ ಕಂಡದ್ದು ರೋಗಿಗೆ ಔಷಧವಾಗಲು ದಾರಿ ಇನ್ನೂ ಉದ್ದವಿದೆ ಎಂಬುದನ್ನು ಮರೆಯುವಂತಿಲ್ಲ.

ರೋಗನಿರೋಧದ ವಿಚಾರಕ್ಕೆ ಬರುವಾಗ ಮತ್ತೆ ವಡಾಲದ ಪ್ರಸ್ತಾಪ ಬೇಕಾಗುತ್ತದೆ. ಮುನಿಸಿಪಲ್ ಕಮಿಷನರ್ ಅಕ್ವರ್ತ್ ಅವರ ಹೆಸರಿನ ಕುಷ್ಠರೋಗ ಆಸ್ಪತ್ರೆ ಅಲ್ಲಿದೆ. 1890ರಲ್ಲಿ ಅದು ನಿರ್ಗತಿಕ ರೋಗಿಗಳ ಆಶ್ರಯವಾಗಿ ಆರಂಭವಾಯಿತು. ರೋಗನಿರೋಧಶಾಸ್ತ್ರದ ಒಂದು ದೊಡ್ಡ ಪಾಠವನ್ನು ಕಲಿಸಿದ ರೋಗ ಕುಷ್ಠ. ರೋಗಾಣು ಒಂದೇ ಆದರೂ ಒಬ್ಬನಲ್ಲಿ ಅದು ಕೆಲವೇ ಮಚ್ಚೆಗಳಿಗೆ ನಿಲ್ಲುತ್ತದೆ, ಮತ್ತೊಬ್ಬನಲ್ಲಿ ಮೈಯೆಲ್ಲ ಹರಡುತ್ತದೆ. ಈ ವ್ಯತ್ಯಾಸಕ್ಕೆ ಕಾರಣ ರೋಗಿಯ ಪ್ರತಿರೋಧದ ಬಗೆಯೆಂಬುದನ್ನು ಅನುಸರಿಸಿ ರಿಡ್ಲಿ ಮತ್ತು ಜಾಪ್ಲಿಂಗ್ 1966ರಲ್ಲಿ ಐದು ವರ್ಗಗಳನ್ನು ಮಾಡಿದರು. ಪ್ರತಿರೋಧ ಹೆಚ್ಚಾದರೂ ನರಗಳು ಹಾಳಾಗುತ್ತವೆ, ಕಡಿಮೆಯಾದರೆ ರೋಗಾಣು ಬೆಳೆಯುತ್ತದೆ. ಪ್ರಶ್ನೆ ಬಲದ್ದಲ್ಲ, ಸಮತೋಲದ್ದು.

ಇನಾಮದಾರ್ ಅವರ ಬಳಗ 2017ರಲ್ಲಿ ನೊಣದಲ್ಲಿ ಕಂಡದ್ದೂ ಇಂತಹ ಸಮತೋಲವನ್ನೇ, ತೀರ ಬೇರೆ ಮಟ್ಟದಲ್ಲಿ. ನೊಣವು ಸೂಕ್ಷ್ಮಜೀವಿನಾಶಕ ಪೆಪ್ಟೈಡುಗಳನ್ನು ಎರಡು ಮಾರ್ಗಗಳಿಂದ ತಯಾರಿಸುತ್ತದೆ. ಅವುಗಳ ಹೆಸರು ಟೋಲ್ ಮತ್ತು ಐಎಂಡಿ. ಅಸೃಜ್ ಮೊದಲನೆಯದನ್ನು ತಗ್ಗಿಸುತ್ತದೆ, ಎರಡನೆಯದಕ್ಕೆ ಅತ್ಯಗತ್ಯವಾಗಿದೆ. ಅದಿಲ್ಲದ ನೊಣಗಳು ಸೋಂಕು ತಗುಲಿದಾಗ ಬೇಗ ಸಾಯುತ್ತವೆ. ರಕ್ತ ಹುಟ್ಟುವ ಬಗೆಯೂ ರಕ್ತ ಕಾಯುವ ಬಗೆಯೂ ಒಂದೇ ಪ್ರೋಟೀನಿನಲ್ಲಿ ಕೂಡಿಕೊಂಡಿರುವುದು ಇಲ್ಲಿ ಗಮನಾರ್ಹ.

ಮನುಷ್ಯಕೋಶಗಳ ಮೇಲಿನ ಅವರ ಕೆಲಸ ಬೇರೊಂದು ಕವಲು. 2009ರಲ್ಲಿ, ಬಂಜೆತನದ ಚಿಕಿತ್ಸೆಯಲ್ಲಿ ಕೆಳದರ್ಜೆಯವೆಂದು ಕೈಬಿಟ್ಟ ಭ್ರೂಣಗಳಿಂದ ಅವರು ಒಡಹುಟ್ಟಿದ ಎರಡು ಆಕರಕೋಶಸಂತಾನಗಳನ್ನು ಪಡೆದರು. ಮಾನವಭ್ರೂಣವನ್ನು ಮುಟ್ಟುವ ವಿಜ್ಞಾನದಲ್ಲಿ ನೀತಿಯ ಪ್ರಶ್ನೆ ದೂರವಿರುವುದಿಲ್ಲ. ಮಾನವ ಜೀನೋಮಿನ ತಿದ್ದುವಿಕೆಯನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆ ನೇಮಿಸಿ 2021ರಲ್ಲಿ ವರದಿ ಪಡೆದ ತಜ್ಞರ ಸಮಿತಿಯಲ್ಲಿ ಅವರೂ ಸದಸ್ಯರಾಗಿದ್ದರು. ಮುಂದೆ ಬೆಂಗಳೂರಿನ ಆಕರಕೋಶ ಸಂಶೋಧನಾ ಸಂಸ್ಥೆಯಾದ ಇನ್‌ಸ್ಟೆಮ್‌ನ ನಿರ್ದೇಶಕ ಸ್ಥಾನಕ್ಕೆ ಬಂದರು.

ಮನುಷ್ಯನಲ್ಲಿ ಅಸೃಜ್ ವಂಶವಾಹಿಗೆ ಅಂತಾರಾಷ್ಟ್ರೀಯ ಪಟ್ಟಿಯಲ್ಲಿರುವ ಹೆಸರು ಒಸಿಐಎಡಿ1. ಅದರ ಮೊದಲ ಅಕ್ಷರಗಳನ್ನು ಬಿಡಿಸಿದರೆ ಅಂಡಾಶಯದ ಅರ್ಬುದದಲ್ಲಿ ಪ್ರತಿರೋಧಕ್ಕೆ ಗುರಿಯಾದ ಒಂದು ವಸ್ತುವಿನ ಹೆಸರಾಗುತ್ತದೆ. ಒಂದು ಹೆಸರು ಅದು ಕಣ್ಣಿಗೆ ಬಿದ್ದ ರೋಗವನ್ನು ಹೇಳುತ್ತದೆ, ಮತ್ತೊಂದು ಅದರ ನಿತ್ಯದ ನೆಲೆಯನ್ನು. ಜಕ್ಕೂರಿನ ಲೇಖನಗಳು ಎರಡನ್ನೂ ಓರೆಗೆರೆಯ ಎರಡು ಬದಿಗಳಲ್ಲಿ ಬರೆಯುತ್ತವೆ, ಅಸೃಜ್ ಮೊದಲು.